ಓದಿ ಹೇಳಿದ ಮೇಲೆಯೇ ಸಹಿ

ಸಕ್ಕುಬಾಯಿಗೆ ಮರಾಠಿ ಓದಲು ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. ನನಗೆ ಕನ್ನಡ ಓದಲು ಬರುತ್ತಿತ್ತು, ಮರಾಠಿ ಬರುತ್ತಿರಲಿಲ್ಲ. ಮಾತಾಡಲು ಇಬ್ಬರಿಗೂ ಎರಡೂ ಬರುತ್ತಿದ್ದವು. ಮಹಾರಾಷ್ಟ್ರದ ಗಡಿಯೊಳಗೆ, ವಾಗದರಿಯ ಆಚೆಗಿರುವ ನಮ್ಮ ಸಣ್ಣ ಊರಿನಲ್ಲಿ ಇದು ಹೊಸದಲ್ಲ. ಮೂರನೆಯ ಇಯತ್ತೆಯವರೆಗೆ ಕನ್ನಡ ಸಾಲಿ ಕಲಿತ ನನ್ನಂಥ ಮುದುಕಿಯ ಮನೆಗೂ ಕಚೇರಿಯ ಕಾಗದ ಮರಾಠಿಯಲ್ಲೇ ಬರುತ್ತದೆ. ಯಾರೋ ಬೆರಳಿಟ್ಟು ತೋರಿಸುತ್ತಾರೆ, ನಾವು ಅಲ್ಲಿ ಸಹಿ ಮಾಡುತ್ತೇವೆ. ಸಕ್ಕುಬಾಯಿಯ ಬದುಕನ್ನು ಬರೆಯಬೇಕೆಂದರೆ ಆ ಬೆರಳಿನಿಂದಲೇ ಶುರು ಮಾಡಬೇಕು.

ಅವಳ ತವರಿನವರು ವರ್ಷದಲ್ಲಿ ಎಂಟು ತಿಂಗಳು ಕುರಿಯ ಹಿಂದೆ ನಡೆಯುವವರು. ಮಗಳಾದರೂ ಒಂದು ಕಡೆ ನಿಲ್ಲಲಿ ಎಂದು ವಳಸಂಗದಲ್ಲಿ ಸೋದರಮಾವನ ಮನೆಯಲ್ಲಿ ಬಿಟ್ಟರು. ಅಲ್ಲಿ ಏಳನೆಯವರೆಗೆ ಮರಾಠಿ ಕಲಿತಳು. ಹದಿನೆಂಟಕ್ಕೆ ನಮ್ಮೂರಿನ ಗೊಲ್ಲಾಳಪ್ಪನಿಗೆ ಕೊಟ್ಟರು. ಬೀರೋಬನ ಗುಡಿಯ ಹಿಂದೆ ಅವರ ಕುರಿಹಟ್ಟಿ. ಮದುವೆಯಾದ ವರ್ಷ ಗೊಬ್ಬರಕ್ಕೆಂದು ನಮ್ಮ ಹೊಲದಲ್ಲಿ ಅವರ ಕುರಿ ಕೂಡಿಸಿದ್ದೆವು. ಜೋಳದ ಚೀಲ ಕೊಡಲು ಹೋದಾಗ ನೋಡಿದೆ: ನೂರೆಂಟು ಮರಿಗಳ ನಡುವೆ ನಿಂತು, ಒದರುವ ಒಂದೊಂದನ್ನೂ ಎತ್ತಿ ಅದರ ತಾಯಿಯ ಹತ್ತಿರವೇ ಬಿಡುತ್ತಿದ್ದಳು. ಒಂದೂ ತಪ್ಪಲಿಲ್ಲ.

ಆಮೇಲೆ ಇಪ್ಪತ್ತೈದು ವರ್ಷ ಅವಳ ಪಾಡು ಅವಳಿಗೆ, ನನ್ನ ಪಾಡು ನನಗೆ. ನಮ್ಮ ಯಜಮಾನರು ತೀರಿಕೊಂಡ ಎರಡು ವರ್ಷಕ್ಕೆ ಪಂಚಾಯತಿ ಚುನಾವಣೆ ಬಂತು. ಸರಪಂಚನ ಜಾಗ ಹೆಂಗಸರಿಗೆ ಹೋಗಿತ್ತು. ಅದೂ ಮೊದಲಿನ ಹಾಗೆ ಮೆಂಬರರು ಆರಿಸುವುದಲ್ಲ, ಊರೇ ನೇರ ಓಟು ಹಾಕಿ ಆರಿಸುವುದು. ಗೊಲ್ಲಾಳಪ್ಪ ಹೆಂಡತಿಯನ್ನು ನಿಲ್ಲಿಸಿದ. “ಹೆಸರು ಆಕೀದು, ಕಾರಭಾರ ನಂದು” ಎಂದು ಹೋಟೆಲಿನಲ್ಲಿ ಕೂತು ಹೇಳುತ್ತಿದ್ದ. ಅವಳು ಗೆದ್ದಳು. ನಮ್ಮ ಓಣಿಯಿಂದ ನನ್ನನ್ನು ಮೆಂಬರ್ ಮಾಡಿದರು. ಏಳು ಮೆಂಬರರಲ್ಲಿ ನನ್ನ ಮೈದುನನ ಮಗ ಕಾಂತೇಶ ಉಪಸರಪಂಚನಾದ.

ಮೊದಲ ದಿನವೇ ಪಂಚಾಯತಿಯ ಕಾರ್ಯದರ್ಶಿಯಾದ ಗ್ರಾಮಸೇವಕ ಠರಾವಿನ ಪುಸ್ತಕ ತಂದು ಅವಳ ಮುಂದಿಟ್ಟ. ಠರಾವು ಎಂದರೆ ಪಂಚಾಯತಿಯ ನಿರ್ಣಯ. ಗೊಲ್ಲಾಳಪ್ಪ ಪಕ್ಕದ ಕುರ್ಚಿಯಲ್ಲಿ ತಲೆಯ ಪಟಗ ಸರಿಮಾಡಿಕೊಂಡು ಕೂತಿದ್ದ.

“ಸರಪಂಚಬಾಯಿ, ಇಲ್ಲಿ ಸಹಿ ಮಾಡ್ರಿ.”

“ಏನ್ ಬರದೀರಿ ಇದರಾಗ?”

“ನೇಹಮೀದ ರೀ, ಯಾವಾಗ್ಲೂ ಬರಿಯೂದು. ಗ್ರಾಮಸಭಾ ಆತು, ನೂರಾ ಹತ್ತು ಮಂದಿ ಹಾಜರ ಇದ್ರು ಅಂತ.”

“ಯಾವಾಗ ಆತು?”

“ಆಗ್ತದ ರೀ. ಬುಕ್ಕು ಮನಿ ಮನಿಗೆ ಕಳಸ್ತೀನಿ, ಸಹಿ, ಹೆಬ್ಬಟ್ಟು ಬರ್ತಾವ.”

“ಹಂಗಾರ ಮನಿ ಮನಿಗೆ ಬುಕ್ಕು ಹೋತು, ಸಭಾಕ್ಕ ಮಂದಿ ಬರಲಿಲ್ಲ ಅಂತ ಬರೀರಿ” ಎಂದಳು.

ಗೊಲ್ಲಾಳಪ್ಪ ಸಣ್ಣ ದನಿಯಲ್ಲಿ, “ಏ, ಮಾಡಿ ಬಿಡ” ಎಂದ.

“ನೀವು ಮನಿಗೆ ನಡೀರಿ. ಕುರಿಗೆ ನೀರು ಕುಡಿಸೂ ಹೊತ್ತು” ಎಂದಳು. ಅವನು ಎದ್ದು ಹೋದ. ಮತ್ತೆ ಆ ಕುರ್ಚಿಯಲ್ಲಿ ಕೂಡಲಿಲ್ಲ.

ಮೂರು ತಿಂಗಳಾದ ಮೇಲೆ ಸೋಲಾಪುರದ ವಿಜಾಪುರ ರಸ್ತೆಯ ಒಂದು ಸಭಾಗೃಹದಲ್ಲಿ ಹೊಸ ಹೆಣ್ಣು ಮೆಂಬರರಿಗೆ ಶಿಬಿರವಾಯಿತು. ನಾವಿಬ್ಬರೂ ಎಸ್‌ಟಿ ಬಸ್ಸಿನಲ್ಲಿ ಹೋದೆವು. ಗುರುನಾಥ ಸರ್ ಎಂಬ ನಿವೃತ್ತ ಮಾಸ್ತರರು ಗೋಡೆಗೆ ಜಗತ್ತಿನ ನಕಾಶೆ ತೂಗುಹಾಕಿ, ಯಾವ ದೇಶದಲ್ಲಿ ಅಧಿಕಾರ ಯಾರ ಕೈಯಲ್ಲಿರುತ್ತದೆ, ಅದರಲ್ಲಿ ಮಂದಿಯ ಪಾಲೆಷ್ಟು ಎಂದು ತಿಳಿಸಿದರು. ನನಗೆ ಅರ್ಧ ತಲೆಗೆ ಹೋಗಲಿಲ್ಲ. ಬರುವಾಗ ಬಸ್ಸಿನಲ್ಲಿ ಅವಳೇ ಬಿಡಿಸಿ ಹೇಳಿದಳು.

“ನೋಡ್ರಿ ಆಯಿ, ಇಂಗ್ಲಂಡದಾಗ ಮಂದಿ ಮೆಂಬರ್‌ಗೋಳನ್ನ ಆರಿಸ್ತಾರ. ಮೆಂಬರ್‌ಗೋಳು ತಮ್ಮೊಳಗ ಒಬ್ಬನ್ನ ಮುಂದ ಮಾಡ್ತಾರ. ಅವರ ಮನಸ್ಸು ಮುರೀತಂದ್ರ ಅಂವ ಹೋದ. ರಾಜಾ ಇದ್ದಾನ, ಖರೆ ಹುಕುಂ ನಡ್ಯೂದಿಲ್ಲ.”

“ಪಟಗ ಐತಿ, ಕುರಿ ಇಲ್ಲ ಅನ್ನು.”

“ಹೂಂ, ನಮ್ಮ ಮನಿಯವರಂಗ” ಎಂದು ನಕ್ಕಳು. “ಅಮೇರಿಕಾದಾಗ ಮುಖಂಡಗ ಬ್ಯಾರೆ ಓಟು, ಮೆಂಬರ್‌ಗೋಳಿಗೆ ಬ್ಯಾರೆ ಓಟು. ಮೆಂಬರ್‌ಗೋಳಿಗೆ ಸಿಟ್ಟು ಬಂತಂತ ಅಂವನ್ನ ಇಳಸಾಕ ಬರೂದಿಲ್ಲ, ದೊಡ್ಡ ಗುನ್ಹೇ ಮಾಡಿರಬೇಕು. ಸ್ವಿಟ್ಜರ್ಲಂಡದಾಗ ಕಾಯ್ದೆ ಬೇಕೋ ಬ್ಯಾಡೋ ಅಂತ ಮಂದೀನ್ನೇ ಕೇಳ್ತಾರಂತ. ಒಂದೆರಡು ಕಡೆ ಇನ್ನೂ ಬಯಲಾಗ ನಿಂತು ಕೈ ಎತ್ತತಾರಂತ. ಮತ್ತ ಕೆಲವು ದೇಶದಾಗ ಒಂದ ಪಕ್ಷ, ಇಲ್ಲಾ ಒಂದ ಮನೆತನ. ಅಲ್ಲಿ ಮಂದೀನ್ನ ಕೇಳೂದೇ ಇಲ್ಲ.”

“ನಮ್ಮದು?”

“ದಿಲ್ಲೀದು ಇಂಗ್ಲಂಡದಂಗ. ನಮ್ಮೂರಿಂದು ಈಗ ಸ್ವಲ್ಪ ಅಮೇರಿಕಾದಂಗ, ನನ್ನನ್ನ ಊರೇ ಆರಿಸೇತಿ. ನನ್ನ ಇಳಸಬೇಕಾದ್ರ ಮೆಂಬರ್‌ಗೋಳ ಕೈ ಸಾಲೂದಿಲ್ಲ, ಮತ್ತ ಊರನ್ನ ಕೇಳಬೇಕು. ಖರೆ ಆಯಿ...” ಬಸ್ಸಿನ ಕಿಟಕಿಯ ಕಡೆ ಮುಖ ತಿರುಗಿಸಿದಳು. “ಇಷ್ಟ ವರ್ಷ ನಮ್ಮೂರಾಗ ಯಾರನ್ನ ಕೇಳ್ಯಾರ? ಬುಕ್ಕು ಮನಿಗೆ ಬರ್ತಿತ್ತು. ಕೇಳೂದೇ ಇಲ್ಲ ಅನ್ನೂ ದೇಶಕ್ಕೂ ನಮಗೂ ಏನ ಫರಕು?”

ಅಂದಿನಿಂದ ಬುಕ್ಕು ಮನೆಗಳಿಗೆ ಹೋಗುವುದು ನಿಂತಿತು. ಸಾಲಿಯ ಮುಂದಿನ ಬೇವಿನ ಗಿಡದ ಕೆಳಗೆ ಸಭೆ. ಮಂದಿ ಸಾಲದಿದ್ದರೆ ಡಂಗುರ ಹೊಡೆಸಿ ಕಾಯುವಳು. ಪ್ರತಿ ಠರಾವನ್ನೂ ಮರಾಠಿಯಲ್ಲಿ ಓದಿ ಕನ್ನಡದಲ್ಲಿ ಹೇಳುವಳು. ನಾನು ಅದನ್ನು ನಾಲ್ಕು ಸಾಲಿನಲ್ಲಿ ಕನ್ನಡದಲ್ಲಿ ಬರೆದು ಚಾವಡಿಯ ಗೋಡೆಗೆ ಹಚ್ಚುವೆನು. ಅವಳ ಕಣ್ಣು, ನನ್ನ ಕೈ. ಓದಿ ಹೇಳಿದ ಮೇಲೆಯೇ ಸಹಿ. ಇದು ನಮ್ಮಿಬ್ಬರ ಕಟ್ಟಳೆಯಾಯಿತು.

ಇದರಿಂದ ಎಲ್ಲವೂ ಒಳ್ಳೆಯದಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮೂರನೆಯ ವರ್ಷ ಕೆಳಗಿನ ಓಣಿಗೆ ನೀರಿನ ಪೈಪು ಮಂಜೂರಾಗಿತ್ತು. ಅದು ಯಾವ ಕಡೆಯಿಂದ ಬರಬೇಕೆಂದು ಮೂರು ಸಭೆ ಜಗಳಾಡಿದೆವು. ಅಷ್ಟರಲ್ಲಿ ಮಾರ್ಚ್ ಮುಗಿದು ಮಂಜೂರಿ ವಾಪಸು ಹೋಯಿತು. ಆ ಬೇಸಿಗೆ ಕೆಳಗಿನ ಓಣಿಯ ಹೆಂಗಸರು ತಲೆಯ ಮೇಲೆ ಕೊಡ ಹೊತ್ತು ಹಾದುಹೋಗುವಾಗ ಅವಳ ಹಟ್ಟಿಯ ಕಡೆ ನೋಡಿ, “ಓದ ಬಾಯಿ, ಇನ್ನೂ ಓದ. ಓದಿದ್ರ ನೀರು ಬರ್ತಾವ” ಎನ್ನುತ್ತಿದ್ದರು. ಮೆಂಬರರಿಗೂ ಸಾಕಾಗಿತ್ತು. ಕಾಂತೇಶ ಕೆಟ್ಟವನಲ್ಲ, ಅವಸರದವನು.

ಆಷಾಢದಲ್ಲಿ ಒಂದು ಮಧ್ಯಾಹ್ನ ಅವನು ನಮ್ಮ ಮನೆಗೆ ಬಂದ. ನಾನು ತೊಗರಿ ಕೇರುತ್ತಿದ್ದೆ.

“ದೊಡ್ಡವ್ವ, ಇದಕ್ಕೊಂದು ಸಹಿ ಬೇಕಿತ್ತು ರೀ. ಅಕ್ಕಲಕೋಟಕ್ಕ ಹೊಂಟೀನಿ, ತಹಸೀಲಿಗೆ ಕೊಡಬೇಕು.”

“ಪೈಪಿನ ಅರ್ಜ ಏನು?”

“ಊರ ಕೆಲಸದ್ದು ರೀ” ಎಂದ. ಪೈಪಿನದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ.

ಹಾಳೆಯ ತುಂಬ ಮರಾಠಿ. ಸಕ್ಕುಬಾಯಿಗೆ ತೋರಿಸಿ ಬರುತ್ತೇನೆ ಎನ್ನಬೇಕಿತ್ತು. ಅವಳ ಹಟ್ಟಿ ನಮ್ಮ ಮನೆಯಿಂದ ಎರಡು ಕೂಗಳತೆ. ಮನೆಯ ಹುಡುಗ ತಂದ ಕಾಗದ, ಅವನ ಎದುರಿಗೇ ಹಾಗೆ ಅಂದರೆ ಅವನನ್ನು ನಂಬಲಿಲ್ಲ ಎಂದಾಗುತ್ತದಲ್ಲ ಎಂದು ಸಂಕೋಚಪಟ್ಟೆ. ಕೈ ಸೆರಗಿಗೆ ಒರೆಸಿಕೊಂಡು ಅವನು ಬೆರಳಿಟ್ಟಲ್ಲಿ “ಗುರಮ್ಮ” ಎಂದು ಕನ್ನಡದಲ್ಲಿ ಬರೆದೆ. ಮೇಲೆ ಐದು ಸಹಿ ಇದ್ದವು.

ಅದು ಅವಿಶ್ವಾಸದ ಕಾಗದವಾಗಿತ್ತು. ಸಕ್ಕುಬಾಯಿಯನ್ನು ಸರಪಂಚ ಕುರ್ಚಿಯಿಂದ ಇಳಿಸಬೇಕು ಎಂಬ ಅರ್ಜಿ. ಆರು ದಿನಕ್ಕೆ ತಹಸೀಲ್ದಾರರು ಸಭೆ ಕರೆದಾಗಲೇ ನನಗೆ ತಿಳಿದದ್ದು. ಅವಳನ್ನೂ ಸೇರಿಸಿ ಎಂಟು ಜನರಲ್ಲಿ ಆರು ಕೈ ಏಳಬೇಕಿತ್ತು. ಐದು ಎದ್ದವು. ಕಾಂತೇಶ ನನ್ನ ಕಡೆ ನೋಡಿ, “ದೊಡ್ಡವ್ವ, ಸಹಿ ಮಾಡೀರಿ” ಎಂದ.

ಸಹಿ ಮಾಡಿದ ಮೇಲೆ ಕೈ ಎತ್ತಲೇಬೇಕು ಎಂದು ನಾನು ತಿಳಿದಿದ್ದೆ. ನಮ್ಮ ಕಾಲದಲ್ಲಿ ಸಹಿ ಎಂದರೆ ವಿಭೂತಿ ಮುಟ್ಟಿ ಆಡಿದ ಮಾತು. ಹಾಗೇನಿಲ್ಲ, ಸಭೆಯಲ್ಲಿ ಮನಸ್ಸು ಬದಲಿಸಬಹುದು ಎಂದು ಆಮೇಲೆ ಗೊತ್ತಾಯಿತು. ಅಂದು ಕೇಳಬಹುದಾಗಿದ್ದವಳು ಅವಳೊಬ್ಬಳೇ, ಅವಳನ್ನು ಕೇಳುವ ಮುಖ ನನಗಿರಲಿಲ್ಲ. ಕೈ ಎತ್ತಿದೆ. ಅವಳು ನನ್ನನ್ನು ನೋಡಲಿಲ್ಲ. ಮೇಜಿನ ಮೇಲಿದ್ದ ತನ್ನ ಕನ್ನಡಕ ತೆಗೆದು ಮಡಚಿದಳು.

ಇನ್ನು ಊರಿನ ಓಟು ಉಳಿದಿತ್ತು. ಗ್ರಾಮಸಭೆಯಲ್ಲಿ ಗುಪ್ತ ಚೀಟಿ ಹಾಕಿ, ಇರಲಿ ಅಥವಾ ಇಳಿಯಲಿ ಎಂದು ಊರೇ ತೀರ್ಪು ಕೊಡಬೇಕು. ಅದರ ಮುನ್ನಾದಿನ ಮುಂಜಾನೆ ನಾನು ಹಟ್ಟಿಗೆ ಹೋದೆ. ಅವಳು ಕುಂಟುತ್ತಿದ್ದ ಒಂದು ಕುರಿಯ ಗೊರಸು ನೋಡುತ್ತಿದ್ದಳು. ಗೊಲ್ಲಾಳಪ್ಪ ನನ್ನನ್ನು ಕಂಡದ್ದೇ, “ಬಂದ್ರು ನೋಡು, ಕೈ ಎತ್ತಿದ ಆಯಿ” ಎಂದು ಬೆನ್ನು ತಿರುಗಿಸಿದ.

“ಓದಿಸದೇ ಸಹಿ ಮಾಡಿದೆ ಸಕ್ಕು” ಎಂದೆ.

“ಗೊತ್ತೈತಿ ರೀ. ಸಹಿ ಕನ್ನಡದಾಗಿತ್ತು, ಕಾಗದ ಮರಾಠಿದಿತ್ತು. ನೋಡಿದ ಕೂಡಲೇ ತಿಳೀತು.”

“ಬೈ ನನಗ.”

ಅವಳು ಗೊರಸಿನೊಳಗಿನ ಜಾಲಿಮುಳ್ಳು ಕಿತ್ತು ಬೂದಿ ಒತ್ತಿದಳು. “ಏನ ಬೈಯ್ಲಿ? ಗುರುನಾಥ ಸರ್ ಹೇಳಿದ್ದು ನೆನಪೈತೇನ್ರಿ? ಕೆಲವು ದೇಶದಾಗ ಕುಂತಾಂವನ್ನ ಇಳಸೂ ದಾರೀನೇ ಇಲ್ಲ. ಅಲ್ಲಿ ಮಂದಿ ಅಂವ ಸಾಯೂತನಾ ಕಾಯಬೇಕು, ಇಲ್ಲಾ ರಕ್ತ ಹರೀಬೇಕು. ನಮ್ಮಲ್ಲಿ ದಾರಿ ಐತಿ. ಅದು ಇವತ್ತ ನನ್ನ ಮನಿ ಮುಂದ ಬಂದೇತಿ ಅಂತ ದಾರಿ ಕೆಟ್ಟದು ಅನ್ನಲೇನು?”

“ನನ್ನ ಓಟು ನಿನಗ.”

“ಹೇಳಬ್ಯಾಡ್ರಿ” ಎಂದು ಬೂದಿಗೈಯನ್ನೇ ಎತ್ತಿ ತಡೆದಳು. “ಗುಪ್ತ ಅಂದ್ರ ಗುಪ್ತ. ಹೇಳೂ ಹಂಗಿದ್ರ ಮಂದಿಗೆ ಹೇಳ್ರಿ, ಸಹಿ ಹೆಂಗಾತು ಅಂತ. ಅದು ಗುಪ್ತ ಅಲ್ಲ.”

ಹೇಳುತ್ತೇನೆ ಎಂದು ಬಂದೆ. ಆದರೆ ಮನೆತನದ ಹೆಸರು, ಕಾಂತೇಶನ ಮುಖ, ನನ್ನದೇ ನಾಚಿಕೆ. ಆ ದಿನವಿಡೀ ಬಾಗಿಲು ದಾಟಲಿಲ್ಲ. ಮರುದಿನ ಎಂಟು ಗಂಟೆಗೆ ಓಟು ಶುರುವಾಯಿತು. ಹೊಲಕ್ಕೆ ಹೋಗುವವರೆಲ್ಲ ಮೊದಲೇ ಹಾಕಿ ಹೋದರು. ನಾನು ಸಾಲಿಯ ಮುಂದೆ ಹೋಗಿ ನಿಂತಾಗ ಹನ್ನೊಂದಾಗಿತ್ತು. ಸಾಲಿನಲ್ಲಿ ಅರವತ್ತು ಎಪ್ಪತ್ತು ಜನ ಉಳಿದಿದ್ದರು. ನಿಂತಲ್ಲೇ ಹೇಳಿದೆ:

“ಎಲ್ಲಾರೂ ಕೇಳ್ರಿ. ಸಕ್ಕುಬಾಯಿ ಮ್ಯಾಲಿನ ಕಾಗದದಾಗ ನನ್ನ ಸಹಿ ಅದ. ಅದರಾಗ ಏನದ ಅಂತ ಓದಿಸದ ಮಾಡೀನಿ. ಓದಿಸಿದ್ರ ಮಾಡತಿದ್ದಿಲ್ಲ.”

ಒಬ್ಬ ಮುದುಕ, “ಈಗ ಹೇಳ್ತಿರೇನವ್ವ? ನನ್ನ ಮಕ್ಕಳು ಸೊಸ್ತೇರು ಮುಂಜಾನೆ ಹಾಕಿ ಹೋದ್ರು, ಗುರಮ್ಮಾಯಿ ಹಂತಾಕಿನೂ ಬ್ಯಾಡ ಅಂದಾಳ ಅಂತ” ಎಂದ.

ಸಂಜೆ ಚೀಟಿ ಎಣಿಸಿದರು. ಹದಿನೇಳು ಚೀಟಿಯ ಅಂತರದಿಂದ ಅವಳು ಇಳಿದಳು. ಅವಳು ಎದ್ದು, ಚಾವಡಿಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಮಂದಿಗೆ ಕೈ ಮುಗಿದು ಹೊರಟಳು. ಗೊಲ್ಲಾಳಪ್ಪ ಹೊರಗೆ ಕಾಯುತ್ತಿದ್ದ. ಅವಳ ಕೈಯಲ್ಲಿದ್ದ ಚೀಲ ತಾನು ಇಸಿದುಕೊಂಡ. ಇಬ್ಬರೂ ಗುಡಿಯ ದಾರಿ ಹಿಡಿದರು. ಆ ಹದಿನೇಳರಲ್ಲಿ ನನ್ನ ಮಾತಿನಿಂದ ಎಷ್ಟು ಉಳಿಯುತ್ತಿದ್ದವು ಎಂದು ಈಗಲೂ ಲೆಕ್ಕ ಹಾಕುತ್ತೇನೆ. ಒಂದು ದಿನ ಮುಂಚೆ ಬಾಯಿ ತೆರೆಯಬೇಕಿತ್ತು.

ದೀಪಾವಳಿಯ ನಂತರ ಗ್ರಾಮಸಭೆ ಬಂತು. ಹೊಸ ಚುನಾವಣೆಯಾಗುವವರೆಗೆ ಕಾರಭಾರ ಕಾಂತೇಶನದು. ಬುಕ್ಕು ಮತ್ತೆ ಮನೆಗಳಿಗೆ ಹೊರಟಿತ್ತು. ಮೊದಲ ಮನೆ ನನ್ನದೇ. ನಾನು ಬುಕ್ಕನ್ನು ಬಗಲಲ್ಲಿ ಹಿಡಿದು ಬೇವಿನ ಗಿಡದ ಕೆಳಗೆ ಹೋಗಿ ಕೂತೆ. ಒಬ್ಬೊಬ್ಬರಾಗಿ ಮಂದಿ ಸೇರಿದರು. ನೀರು ಸಿಗದೆ ಅವಳನ್ನು ಹಂಗಿಸಿದ್ದ ಕೆಳಗಿನ ಓಣಿಯ ಹೆಂಗಸರೂ ಬಂದು ಕೂತರು. ಕಾಂತೇಶ ಓಡಿ ಬಂದ.

“ದೊಡ್ಡವ್ವ, ಇದೇನ್ರಿ? ಸಹಿ ಮಾಡಿ ಕೊಡ್ರಿ, ಹೊತ್ತಾತು.”

“ಓದಿ ಹೇಳ.”

ಗ್ರಾಮಸೇವಕ ಹೊಸಬ, ಕೊಲ್ಹಾಪುರದ ಕಡೆಯವನು, ಕನ್ನಡ ಬಾರದು. ಕಾಂತೇಶ ಎರಡು ಸಾಲು ಓದಿ, ಕನ್ನಡದಲ್ಲಿ ಹೇಳಲು ತಡವರಿಸಿದ. ಹಿಂದಿನಿಂದ ಒಬ್ಬಾಕೆ, “ಏ ಸಾಹೇಬಾ, ಕುರಿ ಕಾಯೂ ಹೆಣ್ಮಗಳಷ್ಟೂ ಬರೂದಿಲ್ಲೇನೋ?” ಎಂದಳು. ಮಂದಿ ನಕ್ಕರು. ಅವನಿಗೂ ನಗು ಬಂತು, ಮುಖ ಕೆಂಪಾಯಿತು. ಆಮೇಲೆ ಅವನೇ ಹಟ್ಟಿಗೆ ಹೇಳಿ ಕಳಿಸಿದ.

ಸಕ್ಕುಬಾಯಿ ಬಂದಳು. ಸೀರೆಯ ಕಚ್ಚೆ ಬಿಗಿದೇ ಇತ್ತು, ಕೈಯಲ್ಲಿ ಕುರಿ ಕಾಯುವ ಕೋಲು. ಕುರ್ಚಿ ಕೊಟ್ಟರೆ ಒಲ್ಲೆ ಎಂದು ಹೆಂಗಸರ ನಡುವೆ ನೆಲದ ಮೇಲೆ ಕೂತು, ಕನ್ನಡಕ ಹಾಕಿಕೊಂಡು ಓದಿದಳು. ಹನ್ನೊಂದು ಠರಾವು. ಕೆಳಗಿನ ಓಣಿಯ ಪೈಪು ಎರಡನೆಯದು. ಕೈಗಳೆಲ್ಲ ಎದ್ದವು, ಮೊದಲು ಎದ್ದದ್ದು ಅವಳದು. ಏಳನೆಯದು, ಸಾಲಿಯ ಹಿಂದಿನ ಖಾಲಿ ಜಾಗವನ್ನು ಒಬ್ಬರಿಗೆ ಅಂಗಡಿಗೆ ಕೊಡುವುದು. ಅದನ್ನು ಓದಿದಾಗ ಮಂದಿಯಲ್ಲಿ ಗುಸುಗುಸು ಎದ್ದಿತು. ಅವಳು ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು. ಆಷಾಢದಿಂದೀಚೆ ಅವಳು ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದು ಅದೇ ಮೊದಲು.

“ತಿಳೀತೇನ್ರಿ ಆಯಿ?”

“ತಿಳೀತು.”

ಬುಕ್ಕು ಇಸಿದುಕೊಂಡು, ಏಳನೆಯದರ ಎದುರಿಗೆ “ನನ್ನ ವಿರೋಧವಿದೆ” ಎಂದು ಕನ್ನಡದಲ್ಲಿ ಬರೆದೆ. ಅದರ ಕೆಳಗೆ ಸಹಿ ಮಾಡಿದೆ.