ಡಾಂಬರಿನ ಅಂಗಳ

ನನಗೆ ಕಾರು ಓಡಿಸಲು ಬರುವುದಿಲ್ಲ. ಬೇರೆಯವರ ಕಾರಿನ ಮುಂದಿನ ಸೀಟಿನಲ್ಲಿ ಕೂತರೂ, ಎದುರಿಗೆ ಬಸ್ಸು ಬಂದಾಗಲೆಲ್ಲ ನನ್ನ ಬಲಗಾಲು ಅಲ್ಲಿಲ್ಲದ ಬ್ರೇಕನ್ನು ಒತ್ತುತ್ತದೆ. ಇಂಥವಳನ್ನು ಹಿಡಿದು ನೆರೂಳಿನ ನಮ್ಮ ವಸತಿ ಸೊಸೈಟಿಯವರು ಪಾರ್ಕಿಂಗ್ ಸಮಿತಿಯ ಅಧ್ಯಕ್ಷೆಯನ್ನಾಗಿ ಮಾಡಿದರು. ಕಾರಿದ್ದವರು ಯಾರೇ ಅಧ್ಯಕ್ಷರಾದರೂ ತಮ್ಮ ಕಾರಿನ ಜಾಗವನ್ನೇ ಮೊದಲು ರಿಪೇರಿ ಮಾಡಿಸಿಕೊಳ್ಳುತ್ತಾರೆಂಬ ಭಯ ಉಳಿದ ಕಾರಿನವರಿಗೆ. ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದ ನನ್ನಲ್ಲಿ ಪಕ್ಷಪಾತಕ್ಕೆ ಬೇಕಾದ ವಾಹನವೇ ಇರಲಿಲ್ಲ.

ನಮ್ಮ ಅಂಗಳದ್ದು ಕಟ್ಟಡ ಕಟ್ಟಿದಾಗ ಹಾಕಿದ ಡಾಂಬರು. ಅಕ್ಕಪಕ್ಕದ ಸೊಸೈಟಿಗಳೆಲ್ಲ ಸಿಮೆಂಟಿನ ಪೇವರ್ ಬ್ಲಾಕ್ ಹಾಸಿಕೊಂಡು ಚೆಂದವಾದವು. ನಮ್ಮದು ಮಾತ್ರ ಕಪ್ಪು ಬಣ್ಣ ಕಳೆದುಕೊಂಡು, ಆನೆಯ ಚರ್ಮದ ಹಾಗೆ ಬಿರಿದು, ಬೂದಿಬಣ್ಣವಾಗಿ ಮಲಗಿತ್ತು. ಹಿಂದಿನ ಗೋಡೆಯ ಹತ್ತಿರ ಮೂರು ಗುಂಡಿಗಳಿದ್ದವು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ತುಂಬಿಸುತ್ತಿದ್ದೆವು. ಗಣಪತಿ ಬರುವ ಹೊತ್ತಿಗೆ ಅವು ಮತ್ತೆ ಬಾಯಿ ತೆರೆದಿರುತ್ತಿದ್ದವು. ಕಳೆದ ಮಳೆಗಾಲದಲ್ಲಿ ಎಲ್ಲರೂ ಚಿಕ್ಕಮ್ಮನೆಂಬಂತೆ ಕಾಕು ಎಂದು ಕರೆಯುವ ಎರಡನೇ ಮಹಡಿಯ ದೇಶಪಾಂಡೆ ಕಾಕು, ನೀರು ತುಂಬಿದ ಗುಂಡಿಯನ್ನು ನೆಲವೆಂದುಕೊಂಡು ಕಾಲಿಟ್ಟು, ಬಿದ್ದು, ಮಣಿಕಟ್ಟು ಮುರಿದುಕೊಂಡರು. ಹಾರ್ಮೋನಿಯಂ ನುಡಿಸುತ್ತಿದ್ದ ಕೈ ಅದು. ಇನ್ನು ತೇಪೆ ಹಚ್ಚುವ ಆಟ ಸಾಕು ಎಂದು ಎಲ್ಲರಿಗೂ ಅನ್ನಿಸಿತು.

ಎಲ್ಲರಿಗಿಂತ ಜೋರಾಗಿ ಅನ್ನಿಸಿದ್ದು ಸಾವಂತರಿಗೆ. ಬಂದರಿನ ಕೆಲಸದಿಂದ ನಿವೃತ್ತರಾದ ಅವರ ದನಿಗೆ ಹಡಗಿನವರನ್ನು ಕರೆದು ಅಭ್ಯಾಸ. ಸಭೆಯಲ್ಲಿ ಎದ್ದು ನಿಂತು, "ಪೂರಾ ಉಖಾಡೋ! ಕಾಂಕ್ರೀಟ್ ಡಾಲೋ!" ಎಂದರು. ಎಲ್ಲ ಕಿತ್ತು ಕಾಂಕ್ರೀಟು ಹಾಕಿ ಎನ್ನುವ ಈ ಮಾತಿಗೆ ಅರ್ಧ ಸಭೆ ಚಪ್ಪಾಳೆ ತಟ್ಟಿತು. ಒಬ್ಬ ತರುಣ ಎಂಜಿನಿಯರು ಬಂದು ಅಳೆದು, ಫೋಟೋ ತೆಗೆದು, ಹೆಚ್ಚುಕಡಿಮೆ ಅದನ್ನೇ ಬರೆದುಕೊಟ್ಟ. ಪಾಪ, ಅವನು ಬಂದದ್ದು ಸುಡುವ ಏಪ್ರಿಲ್‌ನಲ್ಲಿ. ಅಂಗಳದ ಕಾಯಿಲೆ ಕಾಣಿಸಿಕೊಳ್ಳುವುದು ಮಳೆಗಾಲದಲ್ಲಿ. ಎರಡು ತಿಂಗಳು ಅಂಗಳ ಮುಚ್ಚಬೇಕು, ಕಾರುಗಳೆಲ್ಲ ರಸ್ತೆಯಲ್ಲಿ ನಿಲ್ಲಬೇಕು ಎಂದಿತ್ತು ವರದಿ. ನಾನು ಸಹಿ ಹಾಕಲು ಪೆನ್ನು ತೆಗೆದಿದ್ದೆ. ನಿಜ ಹೇಳುತ್ತೇನೆ, ನನಗೆ ಏನೂ ಗೊತ್ತಾಗಿರಲಿಲ್ಲ. ಗೊತ್ತಾಗದ ವಿಷಯಕ್ಕೆ ಸಹಿ ಹಾಕುವುದು ಎಷ್ಟು ಹಗುರ ಎಂದು ಅವತ್ತೇ ತಿಳಿದದ್ದು.

ಪೆನ್ನನ್ನು ತಡೆದದ್ದು ಕನ್ನಡ. ನಮ್ಮ ಗೇಟಿನ ಎದುರು ರಸ್ತೆಗೆ ಡಾಂಬರು ಹಾಕುವ ಕೆಲಸ ನಡೆದಿತ್ತು. ಹಬೆಯಾಡುವ ಜಲ್ಲಿಯ ನಡುವೆ ನಿಂತು ಒಬ್ಬ ಹೆಂಗಸು ಎಂಟು ಜನರ ಗ್ಯಾಂಗನ್ನು ಗದರಿಸುತ್ತಿದ್ದಳು: "ಲಗೂನ ಎಳೀರೋ, ತಣ್ಣಗಾದ್ರ ಇದು ಯಾರ ಮಾತೂ ಕೇಳಂಗಿಲ್ಲ!" ಕುಂದಾಪುರದ ನನ್ನ ಕಿವಿಗೆ ಅದು ಬೇರೆ ಊರಿನ ಕನ್ನಡವೇ. ಆದರೂ ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಮಗಳು ಹಿಂದಿಯಲ್ಲಿ ಉತ್ತರ ಕೊಡುವ ಈ ಊರಿನಲ್ಲಿ, ಬೈಗುಳವಾದರೂ ಕನ್ನಡದ್ದು ಕಿವಿಗೆ ತಂಪು. ಎರಡು ಬಾಟಲಿ ತಣ್ಣೀರು ಹಿಡಿದು ಹೋದೆ. ಹೆಸರು ಶರಣಮ್ಮ, ಕಲಬುರಗಿ ಕಡೆಯವಳು, ಇಪ್ಪತ್ತು ವರ್ಷದಿಂದ ಇದೇ ಕೆಲಸ. ನಾನು ಟೀಚರಾಗಿದ್ದೆ ಎಂದು ತಿಳಿದದ್ದೇ ತಡ, ನನ್ನನ್ನು "ಅಕ್ಕೋರ" ಎಂದು ಕರೆಯತೊಡಗಿದಳು.

"ನಮ್ಮ ಅಂಗಳವನ್ನೂ ಒಮ್ಮೆ ನೋಡ್ತೀರಾ ಶರಣಮ್ಮ?" ಎಂದೆ.

ಊಟದ ಬಿಡುವಿನಲ್ಲಿ ಬಂದಳು. ಫೋಟೋ ತೆಗೆಯಲಿಲ್ಲ. ಕಬ್ಬಿಣದ ಸರಳೊಂದನ್ನು ಹಿಡಿದು ಅಂಗಳದ ಉದ್ದಕ್ಕೂ ಕುಟ್ಟುತ್ತಾ, ಹಲಸಿನ ಹಣ್ಣು ಕೊಳ್ಳುವವರ ಹಾಗೆ ಸದ್ದಿಗೆ ಕಿವಿಗೊಡುತ್ತಾ ನಡೆದಳು. ಆಮೇಲೆ ಹೇಳಿದಳು: "ಮ್ಯಾಲಿನ ತೊಗಲಷ್ಟೇ ಹೋಗ್ಯದ್ರಿ ಅಕ್ಕೋರ. ಬುಡ ಗಟ್ಟಿ ಅದ. ಆ ಮೂಲ್ಯಾಗ ಮಾತ್ರ ಟೊಳ್ಳ ಆಗ್ಯದ. ಅಲ್ಲಿ ನೀರು ನಿಂದರ್ತದ, ಹೌದಲ್ರಿ?"

ಈ ಡಾಂಬರಿನ ಬಗ್ಗೆ ನಾನು ಅಷ್ಟರಲ್ಲಿ ಸ್ವಲ್ಪ ಓದಿಕೊಂಡಿದ್ದೆ. ಗಣಿತದವರ ಚಾಳಿ; ಗೊತ್ತಿಲ್ಲದ್ದನ್ನು ಮೊದಲು ಪುಸ್ತಕದಲ್ಲಿ ಹುಡುಕುವುದು. ಆದರೆ ಓದಿದ್ದಕ್ಕಿಂತ ಹೆಚ್ಚು ನೆನಪಾದದ್ದು ನಮ್ಮೂರ ಕಡಲ ದಂಡೆ. ಅಲ್ಲಿ ದೋಣಿಯನ್ನು ಮರಳಿನ ಮೇಲೆ ಮಗುಚಿ, ಸಂದುಗಳಿಗೆ ಕರಿ ಅಂಟು ಬಳಿಯುತ್ತಿದ್ದರು. ಹಲಗೆ ಹಳತಾಯಿತೆಂದು ಯಾರೂ ದೋಣಿಯನ್ನೇ ಒಡೆಯುತ್ತಿರಲಿಲ್ಲ. ನೀರು ಎಲ್ಲಿ ಒಳಬರುತ್ತದೆಂದು ಹುಡುಕುತ್ತಿದ್ದರು. ಅಂಗಳದ ಡಾಂಬರಿಗೂ ಅದೇ ಉದ್ಯೋಗ, ನೀರನ್ನು ಹೊರಗಿಡುವುದು. ಇಷ್ಟು ಸಣ್ಣ ಸಂಗತಿ ನಾನು ಓದಿದ ಯಾವ ಪುಟದಲ್ಲೂ ತಲೆಗೆ ಹತ್ತಿರಲಿಲ್ಲ.

ನೀರು ಅಲ್ಲೇ ಏಕೆ ನಿಲ್ಲುತ್ತದೆ? ಅದು ನನಗೆ ಗೊತ್ತಿತ್ತು, ಹೇಳಲು ಧೈರ್ಯವಿರಲಿಲ್ಲ. ಆ ಮೂಲೆಯಲ್ಲಿ ನಿಲ್ಲುವುದು ಸಾವಂತರ ಕಾರು. ಅದರ ಮೂತಿ ಗೋಡೆಗೆ ತಾಗದಿರಲೆಂದು ಅವರು ಒಂದು ಸಿಮೆಂಟಿನ ದಿಂಡು ಕಟ್ಟಿಸಿದ್ದರು. ಅದರ ಕೆಳಗೆ ಹಿಂದೊಮ್ಮೆ ಗಟಾರದ ಬಾಯಿ ಇದ್ದದ್ದು ನನಗೆ ಮಸುಕಾಗಿ ನೆನಪಿತ್ತು. ಸಾಲದ್ದಕ್ಕೆ ದಿನವೂ ಬೆಳಿಗ್ಗೆ ಪೈಪು ಹಿಡಿದು ಕಾರಿಗೆ ಅವರೇ ಅಭಿಷೇಕ ಮಾಡುತ್ತಿದ್ದರು. ಅಂಥ ಸಾವಂತರಿಗೆ, ಗುಂಡಿ ನಿಮ್ಮದೇ ಎಂದು ಹೇಳುವುದು ಹೇಗೆ? ಅವರ ಮನೆಯಿಂದ ಪ್ರತಿ ಸಂಕ್ರಾಂತಿಗೆ ನಮಗೆ ಎಳ್ಳುಬೆಲ್ಲದ ಉಂಡೆ, ತಿಳ್‌ಗುಳ್, ಬರುತ್ತದೆ. ಶರಣಮ್ಮನ ಹತ್ತಿರ ನನ್ನ ಸಂಕಟ ತೋಡಿಕೊಂಡೆ. ಅವಳು ನಕ್ಕು, "ನೀವು ಏನೂ ಹೇಳಬ್ಯಾಡ್ರಿ. ಅವರನ್ನ ಕರೀರಿ, ಒಂದು ಬಕೀಟು ನೀರು ಕೊಡ್ರಿ" ಎಂದಳು.

ಸಾವಂತರು ಬನಿಯನ್ನಿನಲ್ಲೇ ಇಳಿದು ಬಂದರು. ಶರಣಮ್ಮ ಅಂಗಳದ ನಟ್ಟನಡುವೆ ಬಕೆಟ್ಟನ್ನು ಮೆಲ್ಲಗೆ ಬಗ್ಗಿಸಿ, ತನ್ನ ಹಿಂದಿಯಲ್ಲಿ, "ಆವೋ ಸಾಬ್, ಪಾನೀ ಕೇ ಪೀಛೇ ಚಲೋ" ಎಂದು ನೀರಿನ ಹಿಂದೆ ನಡೆಯಲು ಕರೆದಳು. ನೀರು ಮೊದಲು ಯೋಚಿಸುವ ಹಾಗೆ ನಿಂತಿತು. ಆಮೇಲೆ ಒಂದು ಬಿರುಕು ಹಿಡಿದು ಹೊರಟಿತು. ಹಿಂದೆ ನಾವು ಮೂವರು, ಸತ್ಯನಾರಾಯಣ ಪೂಜೆಗೆ ಹೊರಟವರಷ್ಟು ಗಂಭೀರವಾಗಿ. ಬಾಲ್ಕನಿಗಳಿಂದ ಜನ ಇಣುಕಿದರು. ನೀರು ಸ್ಕೂಟರುಗಳನ್ನು ದಾಟಿ, ಎಡಕ್ಕೆ ತಿರುಗಿ, ಸಾವಂತರ ಕಾರಿನ ಕೆಳಗೆ ನುಸುಳಿ, ದಿಂಡಿಗೆ ಹಣೆ ತಾಗಿಸಿ ನಿಂತುಬಿಟ್ಟಿತು. ಅಲ್ಲಿಂದ ಮುಂದೆ ದಾರಿಯಿಲ್ಲ.

ಸಾವಂತರು ಬಗ್ಗಿ ನೋಡಿದರು, ಎದ್ದರು, ಮತ್ತೆ ಬಗ್ಗಿದರು. ಕೊನೆಗೆ ಅವರು ದೇಶಪಾಂಡೆ ಕಾಕುವಿನ ಕಿಟಕಿಯತ್ತ ಒಮ್ಮೆ ಕಣ್ಣೆತ್ತಿ, ಆ ದೊಡ್ಡ ದನಿಯನ್ನು ಎಲ್ಲೋ ಬಿಟ್ಟು ಬಂದವರ ಹಾಗೆ, "ತೋಡೂನ್ ಟಾಕಾ" ಎಂದರು. ಒಡೆದು ಹಾಕಿ. ಅಷ್ಟೇ.

ಎಂಜಿನಿಯರನ್ನು ಮತ್ತೆ ಕರೆಸಿದೆವು. ಒಡೆದ ದಿಂಡಿನ ಕೆಳಗಿನ ಗಟಾರದ ಬಾಯಿ ಕಂಡದ್ದೇ ಅವನು, "ಇದು ನನಗೆ ಕಂಡಿರಲೇ ಇಲ್ಲ ಮೇಡಂ" ಎಂದು ಒಪ್ಪಿ ವರದಿಯನ್ನು ತಿದ್ದಿದ. ಗುಂಡಿ, ಬಿರುಕು ಸರಿಯಾಗಿ ಮುಚ್ಚಿದರೆ ಇನ್ನು ಕೆಲವು ವರ್ಷ ತೊಂದರೆಯಿಲ್ಲ, ಆಮೇಲೆ ಮೇಲೊಂದು ಪದರ ಹಾಕಬೇಕಾದೀತು ಎಂದು ಪ್ರಾಮಾಣಿಕವಾಗಿ ಸೇರಿಸಿದ. ಕೆಲಸ ಶರಣಮ್ಮನ ಗ್ಯಾಂಗಿಗೇ ಸಿಕ್ಕಿತು. ಅವರು ಎರಡು ಭಾನುವಾರ ಬಂದು, ಗುಂಡಿಗಳ ಸುತ್ತ ಚೌಕವಾಗಿ ಕತ್ತರಿಸಿ, ಒಳಗಿನ ಕೆಸರು ಬಾಚಿ, ಹೊಸ ಜಲ್ಲಿ ಕುಟ್ಟಿ ಡಾಂಬರು ಹಾಸಿದರು. ಬಿರುಕುಗಳಿಗೆ ಬಿಸಿ ಡಾಂಬರು ಕುಡಿಸಿದರು. ಸಾವಂತರು ಎರಡೂ ಭಾನುವಾರ ಕುರ್ಚಿ ಹಾಕಿ ಕೂತು, ಎಲ್ಲರಿಗೂ ಚಹಾ ತರಿಸಿದರು. ಕಾರನ್ನು ಈಗ ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ. ಅಂಗಳ ಮಾತ್ರ ನೋಡಲು ಚೆಂದವಾಗಲಿಲ್ಲ. ಬೂದಿಬಣ್ಣದ ಮೇಲೆ ಕಪ್ಪು ಚೌಕಗಳು, ಕಪ್ಪು ಗೆರೆಗಳು; ಯಾರೋ ತಪ್ಪು ಲೆಕ್ಕ ಮಾಡಿ ತಿದ್ದಿದ ಸ್ಲೇಟಿನ ಹಾಗೆ. ಪೇವರ್ ಬ್ಲಾಕಿನ ಪಕ್ಷದವರು ಇನ್ನೂ ಮೂಗು ಮುರಿಯುತ್ತಾರೆ.

ಜೂನಿನ ಮೊದಲ ದೊಡ್ಡ ಮಳೆಯ ಮಧ್ಯಾಹ್ನ ನನ್ನ ಫೋನು ಬಡಿದುಕೊಂಡಿತು. ಆ ಕಡೆ ಶರಣಮ್ಮ, ಕಾಮೋಠೆಯ ಯಾವುದೋ ಕೆಲಸದ ಜಾಗದಿಂದ.

"ಅಕ್ಕೋರ, ಅಲ್ಲಿ ಮಳಿ ಬರ್ಲತ್ತದೇನ್ರಿ? ಮೂಲ್ಯಾಗ ನೀರು ನಿಂತಾವೇನು, ಜರಾ ನೋಡಿ ಹೇಳ್ರಿ."

ಕೊಡೆ ಹಿಡಿದು ಇಳಿದೆ. ದೇಶಪಾಂಡೆ ಕಾಕು ಆ ಮೂಲೆಯಲ್ಲೇ, ಗಟಾರದ ಬಾಯಿಯ ಹತ್ತಿರ ನಿಂತು, ವಾಸಿಯಾದ ಕೈಯಲ್ಲಿ ಛತ್ರಿ ಹಿಡಿದು, ನೀರು ಗುಳುಗುಳು ಇಳಿಯುವುದನ್ನು ಮಗುವಿನಂತೆ ನೋಡುತ್ತಿದ್ದರು.

"ಇಲ್ಲ ಶರಣಮ್ಮ, ಒಂದು ಹನಿಯೂ ನಿಂತಿಲ್ಲ" ಎಂದೆ.

"ಚಲೋ ಆತ್ರಿ" ಎಂದು ಅವಳು ಫೋನಿಟ್ಟಳು, ಮದುವೆ ಮಾಡಿ ಕೊಟ್ಟ ಮಗಳು ಸುಖವಾಗಿದ್ದಾಳೆಂದು ತಿಳಿದ ತಾಯಿಯ ಹಾಗೆ. ನಾನು ಅಷ್ಟು ವರ್ಷ ಭಿನ್ನರಾಶಿ ಕಲಿಸಿದೆ. ಕಲಿಸಿದ್ದು ಮಳೆಗೆ ತಾಳಿತೇ ಎಂದು ಒಬ್ಬರಿಗೂ ಫೋನು ಮಾಡಿ ಕೇಳಿದವಳಲ್ಲ. ಫೋನನ್ನು ಸೆರಗಿಗೆ ಒರೆಸಿಕೊಂಡು, ಕಾಕುವಿನ ಪಕ್ಕದಲ್ಲಿ ನಾನೂ ಸ್ವಲ್ಪ ಹೊತ್ತು ನೀರು ನೋಡುತ್ತಾ ನಿಂತೆ.