ಚಿಗವ್ವನ ಜೀಪಿನ ಮುಳ್ಳುಗಳು

ಮೊನ್ನೆ ಕಿತ್ತೂರಿನಲ್ಲಿ ಬಸ್ಸು ನಿಂತಾಗ ಚಹಾ ಕುಡಿಯಲು ಇಳಿದೆ. ಹೆದ್ದಾರಿ ಬದಿಯಲ್ಲಿ ಬಾನೆಟ್ ತೆರೆದು ನಿಂತಿದ್ದ ಯಾರದೋ ಕಾರಿನಿಂದ ಕಾದ ಕಬ್ಬಿಣದ, ಕುದಿದ ನೀರಿನ ವಾಸನೆ ಬಂತು. ಬೇರೆಯವರಿಗೆ ಅದು ತಾಪತ್ರಯದ ವಾಸನೆ, ನನಗೆ ಮದುವೆಮನೆಯದು. ನಗಬೇಡಿ, ಹೇಳುತ್ತೇನೆ.

ಸಾಲಹಳ್ಳಿಗೆ ಕೊಟ್ಟಿದ್ದ ನಮ್ಮ ಚಿಗವ್ವ, ಅಂದರೆ ಅವ್ವನ ತಂಗಿ, ನಲವತ್ತು ದಾಟಿದ ಮೇಲೆ ಜೀಪು ಕಲಿತಳು. ಅದನ್ನು ಕೊಂಡು ತಂದ ಅವಳ ಗಂಡ, ನಮ್ಮ ಕಾಕಾ, ಮೊದಲ ದಿನವೇ ಬಣವೆಗೆ ಗುದ್ದಿ, ಮತ್ತೆ ಅದರ ಹತ್ತಿರ ಸುಳಿಯಲಿಲ್ಲ. ಕಟ್ಟೆಯ ಮೇಲಿನವರು ನಕ್ಕರೆ ಚಿಗವ್ವ ಹಾರ್ನ್ ಹೊಡೆದು ಉತ್ತರ ಕೊಡುತ್ತಿದ್ದಳು. ರಜೆಗೆ ಹೋದಾಗ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ಗಾಜಿನೊಳಗಿನ ಮೀಟರ್ ಮುಳ್ಳುಗಳನ್ನು ಹೊಸ ಬೀಗರ ಹಾಗೆ ಪರಿಚಯ ಮಾಡಿಸಿದಳು.

"ಇದು ಸ್ಪೀಡಿಂದು. ಇದು ನೀರ ಎಷ್ಟ ಕಾದೈತಿ ಅಂತ ಹೇಳತೈತಿ. ಡೀಸೆಲ್ ಮುಳ್ಳ ನಂಬಬ್ಯಾಡ. ನಿಮ್ಮ ಕಾಕಾನಂಗ ಅದು, ಯಾವಾಗ ಕೇಳಿದ್ರೂ ಹೊಟ್ಟಿ ತುಂಬೇತಿ ಅಂತೈತಿ."

ಕಾಲೇಜು ಓದುತ್ತಿದ್ದ ನಾನು ಮಾತ್ರ, ಸ್ಪೀಡಿನ ಮುಳ್ಳು ಸೊನ್ನೆಗೆ ಇಳಿದಾಗಲೆಲ್ಲ ಡೀಸೆಲ್ ತೀರಿತೆಂದು ಕಿರುಚುತ್ತಿದ್ದೆ.

ಅಕ್ಕನ ಮದುವೆ ಸವದತ್ತಿಯಲ್ಲಿ, ವರನ ಊರಲ್ಲಿ. ರಾಮದುರ್ಗದ ನಮ್ಮ ಮನೆಯಿಂದ ಮದುಮಗಳನ್ನು ತಾನೇ ಕರೆದೊಯ್ಯುವುದಾಗಿ ಚಿಗವ್ವ ಹಟ ಹಿಡಿದಳು. ಜೀಪಿನಲ್ಲಿ ಅಕ್ಕ, ನಾನು, ಸೋದರಮಾವ, ಒಂದು ಬುಟ್ಟಿ ಹೋಳಿಗೆ. ಸವದತ್ತಿ ಹತ್ತಿರದ ಏರಿನಲ್ಲಿ ನೀರಿನ ಮುಳ್ಳು ಕೆಂಪು ಗೆರೆಯತ್ತ ಹೊರಟಿತು. ಚಿಗವ್ವ ಬೇವಿನ ಮರದಡಿ ಗಾಡಿ ನಿಲ್ಲಿಸಿದಳು.

"ಅಕ್ಷತಾ ಹೊತ್ತ ಮೀರತೈತಿ, ಹೊಡಿ ಗಂಗವ್ವಾ!" ಎಂದ ಮಾವ ಚಿಗವ್ವನಿಗೆ.

"ಈಗ ಹೊಡದ್ರ ಇಂಜಿನ್ ಹಿಡಕೊಂಡ ನಿಂತಬಿಡತೈತಿ ಅಣ್ಣಾ. ಆಮ್ಯಾಲ ಮದಿಮಗಳನ್ನ ನೀನ ಹೊತ್ಕೊಂಡ ಹೋಗಬೇಕಾಕ್ಕೈತಿ. ಇಳಿ."

ಆಗ ಕೈಯಲ್ಲಿ ಫೋನುಗಳಿರಲಿಲ್ಲ. ಮಂಟಪದಲ್ಲಿ ಏನು ತಿಳಿದುಕೊಂಡಾರೋ ಎಂದು ಅಕ್ಕನ ಕಣ್ಣು ತುಂಬಿತು. ಚಿಗವ್ವ ಬುಟ್ಟಿ ಬಿಚ್ಚಿ, "ಅಳಬ್ಯಾಡ, ತಿನ್ನು. ಕಾದದ್ದು ಆರಾಕ ಹೊತ್ತ ಬೇಕು" ಎಂದಳು.

ಅರ್ಧ ಹೋಳಿಗೆ ಮುಗಿದಿರಬೇಕು, ಧೂಳೆಬ್ಬಿಸುತ್ತ ಒಂದು ಮೋಟಾರ್ ಸೈಕಲ್ ಬಂತು. ಗೆಳೆಯನ ಹಿಂದೆ, ಬಾಸಿಂಗ ಕೈಯಲ್ಲಿ ಹಿಡಿದು ಕೂತಿದ್ದವನು ಸಾಕ್ಷಾತ್ ವರ. ಮುಖವೆಲ್ಲ ಬೆವರು.

"ನೀವು ಒಲ್ಲೆ ಅಂದ್ರೇನೋ ಅಂತ ಹೆದರಿದ್ನಿರಿ" ಎಂದ.

ಹೆಣ್ಣು ನೋಡಲು ಬಂದಾಗ ತಲೆಯನ್ನೇ ಎತ್ತದ ನಮ್ಮಕ್ಕ ಅವನನ್ನು ನೆಟ್ಟಗೆ ನೋಡಿ, "ನಿಮ್ಮ ಮುಳ್ಳೂ ಕೆಂಪಿಗೆ ಹೋಗೇತ್ರಿ. ಕುಂದರ್ರಿ, ಹೋಳಗಿ ತಿನ್ರಿ" ಎಂದಳು.

ಎಲ್ಲರಿಗಿಂತ ಹೆಚ್ಚು ನಕ್ಕವನು ಮಾವ. ಇಂಜಿನ್ ಆರಿತು, ನೀರು ಹೊಯ್ದೆವು, ವಧೂವರರಿಬ್ಬರೂ ಒಂದೇ ಜೀಪಿನಲ್ಲಿ ಮಂಟಪಕ್ಕೆ ಬಂದರು. ಮದುವೆ ಮಾಡಿಸುವ ಅಯ್ಯನವರು ಇನ್ನೊಂದು ಒಳ್ಳೆಯ ಹೊತ್ತು ಹುಡುಕಿ ಇಟ್ಟಿದ್ದರು.

ಈಗ ಬೈಲಹೊಂಗಲದ ನನ್ನ ಮನೆ ಮುಂದೆ ಕಾರಿದೆ, ನನಗೆ ಲೈಸೆನ್ಸೂ ಇದೆ. ಆದರೂ ಅದನ್ನು ಹೊಡೆದುಕೊಂಡು ನಾನು ಗಲ್ಲಿಯ ತುದಿ ದಾಟಿದವಳಲ್ಲ. ಮೊನ್ನೆ ಕಿತ್ತೂರಿನಲ್ಲಿ ಚಹಾ ಮುಗಿಸಿ ಚಿಗವ್ವನಿಗೆ ಫೋನು ಹಚ್ಚಿದೆ.

"ಸವದತ್ತಿಗೆ ಅಕ್ಕನ ಮನಿಗೆ ಹೋಗೂಣೇನ? ಕಾರು ನಾ ಹೊಡಿತೇನಿ. ಖರೆ, ಹೆದರಿಕಿ ಬರತೈತಿ."

"ಬಾಜೂಕ ನಾ ಕುಂದರತೇನಿ, ನಡಿ."

ಇವತ್ತು ಬಂದಳು. ಊರು ದಾಟುವವರೆಗೆ ನನ್ನ ಕೈ, ಕಾಲು, ಕನ್ನಡಿ ಎಲ್ಲವನ್ನೂ ಕಣ್ಣಲ್ಲೇ ತಪಾಸಣೆ ಮಾಡಿದಳು. ಆಮೇಲೆ ಮಾತಿಲ್ಲ. ಏನು ತಪ್ಪು ಮಾಡಿದೆನೋ ಎಂದು ಅಳುಕುತ್ತ ಓರೆಗಣ್ಣಲ್ಲಿ ನೋಡಿದರೆ, ಚಿಗವ್ವ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು.