ಕುರಿ ಕಾಲು ತೊಳೆದ ಸಾರು

ಯುಗಾದಿಯ ಮಾರನೆಯ ದಿನ, ಅಂದರೆ ಹೊಸತೊಡಕಿನ ದಿನ, ಯಾರೂ ಅಳಬಾರದು, ಬೈಯಬಾರದು, ಮುಖ ಗಂಟಿಕ್ಕಬಾರದು. ಅಂದು ಏನಾಗುತ್ತದೋ ಅದೇ ವರ್ಷವಿಡೀ ಆಗುತ್ತದೆಂದು ಬೆಟ್ಟದಪುರದ ಸುತ್ತಲಿನ ಊರುಗಳಲ್ಲಿ ನಂಬಿಕೆ. ಬದುವಿನ ಒಂದಡಿ ಮಣ್ಣಿಗೆ ಕಚ್ಚಾಡುವ ದಾಯಾದಿಗಳೂ ಅಂದು ಒಂದೇ ಕುರಿಯಲ್ಲಿ ಪಾಲು ಹಾಕಿ, ಗುಡ್ಡೆ ಬಾಡು ಹಂಚಿಕೊಂಡು, ಹಲ್ಲು ಕಿರಿದು ಮನೆಗೆ ಹೋಗುತ್ತಾರೆ. ಇಂಥ ದಿನವನ್ನೇ ನೋಡಿಕೊಂಡು ಟೀವಿಯವರು ಚಾಮುಂಡಮ್ಮನ ಹೊಟ್ಟೆ ಉರಿಸುತ್ತಿದ್ದರು.

ಪ್ರತಿ ಹೊಸತೊಡಕಿನ ಮಧ್ಯಾಹ್ನ ‘ತೊಡಕಿಗೆ ಬಂದ ಮಾವ’ ಎಂಬ ಹಳೆಯ ತಮಾಷೆ ಸಿನಿಮಾ ಬರುತ್ತದೆ. ಬಾಡೂಟ ಉಂಡು ಕಾಲು ಚಾಚಿದವರೆಲ್ಲಾ ಅದನ್ನೇ ನೋಡುತ್ತಾರೆ. ಅದರಲ್ಲಿ ಜಿಪುಣ ಮಾವ ಊಟಕ್ಕೆ ಕೂರುತ್ತಾನೆ, ಹಸಿರು ಸೀರೆಯ ಹುಡುಗಿಯೊಬ್ಬಳು ಸಾರು ಬಡಿಸುತ್ತಾಳೆ. ಒಂದು ಗುಟುಕು ಕುಡಿದವನೇ ಅವನು ಅಂಗಳಕ್ಕೆ ಉಗಿದು, “ಏನಮ್ಮಣ್ಣಿ, ಕುರಿ ಇದರಲ್ಲಿ ಕಾಲು ತೊಳ್ಕೊಂಡು ಹೋಯ್ತಾ?” ಅನ್ನುತ್ತಾನೆ. ಆಮೇಲೆ ಕ್ಯಾಮೆರಾ ಹುಡುಗಿಯ ಮುಖದ ಮೇಲೇ ನಿಲ್ಲುತ್ತದೆ. ತುಟಿ ಅದುರುತ್ತದೆ, ಕಣ್ಣು ತುಂಬುತ್ತದೆ, ಸೌಟು ಕೈಜಾರಿ ಬೀಳುತ್ತದೆ. ನಾಡಿಗೆ ನಾಡೇ ಬಿದ್ದು ಬಿದ್ದು ನಗುತ್ತದೆ.

ಆ ಹುಡುಗಿ ಚಾಮುಂಡಮ್ಮ. ಆ ಅಳು ನಟನೆಯಲ್ಲ.

ಗುರುಪುರದಿಂದ ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಅವಳಿಗೆ ಅದು ಮೊದಲ ಹೊಸತೊಡಕು. ಹಿರಿಯರಿಗೆ ಎಡೆ ಇಡುವ ತನಕ ಸಾರನ್ನು ಯಾರೂ ಮುಟ್ಟುವ ಹಾಗಿಲ್ಲ, ಅಡಿಗೆ ಮಾಡಿದವಳೂ ನಾಲಿಗೆಗೆ ತಾಕಿಸುವ ಹಾಗಿಲ್ಲ; ಆ ಮನೆಯ ಪದ್ಧತಿ ಅದು. ತವರಿನ ದೇವರನ್ನೆಲ್ಲಾ ನೆನೆದು, ಖಾರ ನುಣ್ಣಗೆ ರುಬ್ಬಿ, ಬೆಂದ ಬಾಡನ್ನು ಎಡೆಗೆಂದು ಬೇರೆ ತೆಗೆದಿಟ್ಟು, ಸಾರನ್ನು ರುಚಿ ನೋಡದೆಯೇ ಒಲೆಯಿಂದ ಇಳಿಸಿದ್ದಳು. ಅವತ್ತೇ ಸಿನಿಮಾದವರು ಅವರ ತೊಟ್ಟಿಮನೆ ಚೆನ್ನಾಗಿದೆ ಅಂತ ಬಂದು ವಕ್ಕರಿಸಿದರು. ಬಡಿಸುವುದಕ್ಕೆ ಹಳ್ಳಿ ಹುಡುಗಿಯೇ ಬೇಕು ಅಂದರು. ಸೀರೆ ಉಡಿಸುತ್ತೇವೆ, ಜಡೆ ಹಾಕುತ್ತೇವೆ ಅಂತ ಅವಳನ್ನು ಒಳಕೋಣೆಯಲ್ಲಿ ಕೂರಿಸಿದರು. ಅತ್ತೆಯೋ, ನಾಯಕಿಯ ಮುಖ ನೋಡಲು ಊರಮುಂದಕ್ಕೆ ಹೋಗಿದ್ದಳು. ಕೋಣೆಯಿಂದ ಹೊರಗೆ ಬಂದು ತನ್ನದೇ ಪಾತ್ರೆಯಿಂದ ಬಡಿಸಿದರೆ, ಎಲೆಗೆ ಬಿದ್ದದ್ದು ಕೆಂಪು ನೀರು.

ಹೆದರಿಕೆಯಲ್ಲಿ ತಾನೇ ನೀರು ಹೆಚ್ಚು ಸುರಿದಿರಬೇಕು ಅಂದುಕೊಂಡಳು ಆ ಬಡಪಾಯಿ. ಉಳಿದ ನೀರನ್ನೇ ಅತ್ತೆ ಎಡೆಗೆ ಬಡಿಸಿ, ಬಾಯಿಗೂ ಹಾಕಿ ನೋಡಿ, “ನಮ್ಮ ಹಿರೀಕರಿಗೆ ದನ ಕುಡಿಯೋ ಕಲಗಚ್ಚು ಇಕ್ಕಿಸ್ದಲ್ಲಮ್ಮಿ” ಅಂದಳು. ಹೊಸತೊಡಕೆಂದು ಅಷ್ಟಕ್ಕೇ ನಿಲ್ಲಿಸಿದಳು. ಮಾರನೆಯ ದಿನದಿಂದ ಶುರುವಾದ ಬೈಗುಳಕ್ಕೆ ತಡೆಯಿರಲಿಲ್ಲ. ಖಾರ ರುಬ್ಬಿಕೊಟ್ಟು ಸೊಸೆ ಒಲೆ ಮುಂದಿನಿಂದ ಏಳಬೇಕು, ಬಾಡಿನ ಸಾರಿನ ಸೌಟು ಅತ್ತೆಯದು. ಕೈ ನಡುಗುವ ಕಾಲ ಬಂದರೂ ಆ ಮುದುಕಿ ಅದನ್ನು ಬಿಟ್ಟುಕೊಡಲಿಲ್ಲ. ಸಾಯುವಾಗಲೂ ನೆರೆಮನೆಯವಳಿಗೆ, “ನನ್ನ ತಿಥಿಗೆ ಇವಳ ಕೈಲಿ ಅಡಿಗೆ ಮಾಡಿಸ್ಬ್ಯಾಡಿ” ಅಂದು ಸತ್ತಳು.

ಅಷ್ಟು ಹೊತ್ತಿಗೆ ಊರಿಗೂ ಚಟ ಹತ್ತಿತ್ತು. ಹೊಗೆಸೊಪ್ಪು ಮುರಿಯಲು ಹೋದರೆ ಸಾಲಿನ ಆ ತುದಿಯಿಂದ ಯಾರೋ, “ಚಾಮುಂಡಕ್ಕ, ಕುರಿ ಬಂದಿತ್ತಾ?” ಅನ್ನುವರು. ಮಗ ಮಾದೇಶನ ಮದುವೆಯ ಬೀಗರೂಟದಲ್ಲಿ ಬೀಗರ ಕಡೆಯವನೊಬ್ಬ ಎಲೆ ಮುಂದೆ ಕೂತು ಅದನ್ನೇ ಅಂದ, ಪಂಕ್ತಿಯೆಲ್ಲಾ ನಕ್ಕಿತು. ಅವಳ ಗಂಡ ಚಿಕ್ಕಬೀರಯ್ಯನೂ ನಕ್ಕ. ಅತ್ತೆಯ ನಂತರ ಸೌಟು ಕೈಗೆ ಬಂದಿದ್ದ ಅವಳು ಮಾತ್ರ ಇನ್ನಷ್ಟು ಕಾಯಿ, ಇನ್ನಷ್ಟು ಹುರಿಗಡಲೆ ರುಬ್ಬಿ ಸಾರು ಗಟ್ಟಿ ಮಾಡಿದಳು. ಸೌಟು ನೆಟ್ಟಗೆ ನಿಲ್ಲುವಷ್ಟು ಗಟ್ಟಿಯಾದ ಆ ಸಾರನ್ನು ಬಡಿಸಿ, ಮೊದಲ ತುತ್ತು ಉಣ್ಣುವವರ ಮುಖವನ್ನೇ ಬಾಗಿಲ ಮರೆಯಿಂದ ನೋಡುತ್ತಿದ್ದಳು. ಒಂದು ಆಯುಷ್ಯ ಹೀಗೆ ಕಳೆಯಿತು.

ಈ ವರ್ಷದ ಹೊಸತೊಡಕಿಗೆ ಕಾಲೇಜಿನ ಮೊಮ್ಮಗಳು ಹರ್ಷಿತಾ ಒಲೆ ಪಕ್ಕ ಕೂತು, ಫೋನಿನಲ್ಲಿ ಸಿನಿಮಾದ ಕೆಳಗೆ ಜನ ಬರೆದದ್ದನ್ನು ಓದುತ್ತಿದ್ದಳು. ಇದನ್ನು ನೋಡದಿದ್ದರೆ ಹೊಸತೊಡಕು ಆದಂತೆಯೇ ಅಲ್ಲ ಅಂತ ಒಬ್ಬ. ಇಂಥ ಹೆಂಡತಿ ಸಿಕ್ಕರೆ ಹೋಟೆಲೇ ಗತಿ ಅಂತ ಇನ್ನೊಬ್ಬ. ಸಾರಿನ ಹುಡುಗಿಗೆ ಪ್ರಶಸ್ತಿ ಕೊಡಬೇಕಿತ್ತು ಅಂತ ಮತ್ತೊಬ್ಬ. ಎದುರಿಗೆ ನಿಂತು ಮಾತಾಡಲಾಗದವರೆಲ್ಲಾ ಅಲ್ಲಿ ಕೂತು ನಾಲಿಗೆ ತುರಿಸಿಕೊಂಡಿದ್ದರು.

“ಇಲ್ಲೊಬ್ರು ಬೇರೆ ಥರ ಬರ್ದವ್ರೆ ಅಜ್ಜಿ. ‘ನನಗೇಕೋ ನಗು ಬರಲಿಲ್ಲ. ಆ ಹುಡುಗಿ ನಿಜವಾಗಲೂ ಅಳುತ್ತಿದ್ದಾಳೆ’ ಅಂತ.”

ಚಾಮುಂಡಮ್ಮ ಸೌಟು ತಿರುವುವುದನ್ನು ನಿಲ್ಲಿಸಿದಳು. “ಯಾರವ್ವ ಅದು?”

“ಹೆಸ್ರಿಲ್ಲ. ಒಂದು ಹೂವಿನ ಚಿತ್ರ ಐತೆ ಅಷ್ಟೆ.”

“ಇನ್ನೊಂದು ಸಲ ಓದು.”

ಹರ್ಷಿತಾ ಓದಿದಳು. ಅಷ್ಟರಲ್ಲಿ ಜಗಲಿಯಲ್ಲಿ ಸದ್ದಾಯಿತು. ಪಿರಿಯಾಪಟ್ಟಣದಲ್ಲಿ ಯೂಟ್ಯೂಬ್ ಚಾನೆಲ್ ನಡೆಸುವ ಉಮಾಶಂಕರ ಎಂಬವನು ಮೈಕು ಹಿಡಿದು ಪ್ರೇಕ್ಷಕರ ಅಭಿಪ್ರಾಯ ಕೇಳಲು ಬಂದಿದ್ದ. ಚಿಕ್ಕಬೀರಯ್ಯ ಬೆಳಗ್ಗೆಯೇ ಹೊಸ ಪಂಚೆ ಉಟ್ಟು ಅವನಿಗಾಗಿ ಕಾಯುತ್ತಿದ್ದ.

“ಅಭಿಪ್ರಾಯ ಏನ್ ಕೇಳ್ತೀಯಪ್ಪ, ಆ ಸೀನು ಗೆದ್ದದ್ದೇ ನನ್ನಿಂದ” ಅಂದ ಚಿಕ್ಕಬೀರಯ್ಯ. ಮೈಕು ಕಂಡ ಕೂಡಲೇ ಅವನ ಬಾಯಿಗೆ ಕಡಿವಾಣ ಕಳಚಿತ್ತು. “ಸಾರು ಶ್ಯಾನೆ ಚೆನ್ನಾಗಿತ್ತು. ಗಮ್ಮಂತ ವಾಸ್ನೆ. ಲೈಟಿನೋರು, ಡ್ರೈವರ್‌ಗಳು ಎಲ್ಲಾ ಅಡಿಗೆಮನೆಗೇ ನುಗ್ಗಿ ಉಂಡ್ಬುಟ್ರು. ತಳ ಕಾಣ್ತು. ಶೂಟಿಂಗ್‌ಗೆ ಸಾರೇ ಇಲ್ಲ. ಡೈರೆಕ್ಟ್ರು ನನ್ನ ಎಗಲ ಮ್ಯಾಲೆ ಕೈ ಆಕಿ, ಒಂದು ಕೊಡ ನೀರು ಸುರಿಯಪ್ಪ, ಕ್ಯಾಮೆರಾಗೆ ಏನ್ ಗೊತ್ತಾಗ್ತದೆ ಅಂದ್ರು. ನಾನೇ ಸುರ್ದೆ. ಬಣ್ಣಕ್ಕೆ ಒಸಿ ಕಾರದ ಪುಡಿ ಆಕ್ದೆ. ನಮ್ಮ ಬಾವಿ ನೀರು ಕಣಯ್ಯ ನಾಡನ್ನೆಲ್ಲಾ ನಗ್ಸಿದ್ದು.”

ಚಾಮುಂಡಮ್ಮ ಸೌಟು ಹಿಡಿದುಕೊಂಡೇ ಜಗಲಿಗೆ ಬಂದಳು. ದನಿ ಮೆಲ್ಲಗಿತ್ತು.

“ಚೆನ್ನಾಗಿತ್ತಾ ಸಾರು?”

“ಚೆನ್ನಾಗಿತ್ತು ಕಣಮ್ಮಿ. ನಾನೂ ಎರಡು ಸಲ ಆಕಿಸ್ಕಂಡು ಉಂಡೆ.”

“ಎಡೆಗೆ ಮುಂಚೆ.”

ಚಿಕ್ಕಬೀರಯ್ಯನ ನಗು ಅರ್ಧಕ್ಕೇ ನಿಂತಿತು. “ಅದುಕ್ಕೇ ಅವ್ವನಿಗೆ ಏಳ್ಲಿಲ್ಲ. ಎಡೆಗೆ ಮುಂಚೆ ಉಂಡೆ, ಸಿನ್ಮಾದೋರಿಗೂ ಉಣ್ಸಿದೆ ಅಂದ್ರೆ ಅವ್ವ ಸುಮ್ಕೆ ಬುಡ್ತಿದ್ಲಾ? ಆಮ್ಯಾಕೆ ಮರ್ತೋಯ್ತು.”

ಮರೆತುಹೋಯಿತಂತೆ. ಪಕ್ಕದಲ್ಲೇ ಮಲಗಿ, ಅವ್ವ ಬೈಯುವುದನ್ನು ದಿನವೂ ಕೇಳಿ, ಪ್ರತಿ ವರ್ಷ ಟೀವಿ ಮುಂದೆ ಹೊಟ್ಟೆ ಹಿಡಿದು ನಕ್ಕವನಿಗೆ ಮರೆತುಹೋಯಿತಂತೆ.

ಉಮಾಶಂಕರ ಮೈಕು ಇಳಿಸಿದ. “ಕ್ಯಾಮೆರಾ ಆಫ್ ಮಾಡ್ಲೇನಮ್ಮ?”

“ಬ್ಯಾಡ, ಇರ್ಲಿ. ಅಭಿಪ್ರಾಯ ಕೇಳಕ್ಕೆ ತಾನೇ ನೀವು ಬಂದಿರೋದು? ನಂದೂ ತಕಳ್ಳಿ.” ಅವಳು ಗಂಡನ ಕಡೆ ತಿರುಗಿದಳು. ಇಷ್ಟು ವರ್ಷ ‘ನೀವು’ ಎಂದೇ ಮಾತಾಡಿದ್ದ ಬಾಯಿಯಲ್ಲಿ ಈಗ ಆ ಮಾತು ಬರಲಿಲ್ಲ. “ಕೋತಿ ತಾನು ತಿಂದು ಮೇಕೆ ಬಾಯಿಗೆ ಒರ್ಸ್ತಂತೆ. ಉಂಡೋನು ನೀನು, ನೀರು ಸುರ್ದೋನು ನೀನು. ನಿಮ್ಮವ್ವ ನನ್ನ ಕೈಯಿಂದ ಸೌಟು ಕಿತ್ಕಂಡಾಗ ಅಲ್ಲೇ ಕೂತು ಬೀಡಿ ಸೇದ್ದೋನೂ ನೀನೇ. ನಾನು ಕೆಟ್ಟ ಅಡಿಗೆಯೋಳು ಅಂತ ನಾನೇ ನಂಬ್ಕಂಡು ಮುದುಕಿಯಾದೆ. ನಿಮ್ಮವ್ವ ಅದನ್ನೇ ನಂಬ್ಕಂಡು ಸತ್ಳು. ಯಾವ ಗುಂಡಿ ತೆಗ್ದು ನಾನು ಅವಳಿಗೆ ಏಳ್ಲಿ ಈಗ?”

ಹರ್ಷಿತಾ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಟೀವಿಯಲ್ಲಿ ಸಿನಿಮಾ ಶುರುವಾಗಿತ್ತು. ಬೀದಿಯಲ್ಲಿ ಹೋಗುತ್ತಿದ್ದ ನಂಜಯ್ಯ ಮಾತು ಕೇಳಿ ನಿಂತ. ಹಿಂದಿನ ವಾರವಷ್ಟೇ ಕುರಿ ಬಂದಿತ್ತಾ ಅಂತ ಕೇಳಿ ನಕ್ಕವನು ಅವನು. ಈಗ ಟವೆಲು ಸರಿಮಾಡಿಕೊಂಡು ನೆಲ ನೋಡುತ್ತಿದ್ದ.

ಚಿಕ್ಕಬೀರಯ್ಯ ಎದ್ದು ಬಂದು ದನಿ ತಗ್ಗಿಸಿದ. “ಜನ ನೋಡ್ತಾವ್ರೆ. ಒಸ್ತೊಡಕಿನ ದಿನ ಸಿಟ್ಟು ಮಾಡ್ಕಬ್ಯಾಡ ಕಣಮ್ಮಿ. ಇವತ್ತು ಮಾಡ್ಕಂಡ್ರೆ ವರ್ಸೆಲ್ಲಾ ಇರ್ತದೆ.”

ಚಾಮುಂಡಮ್ಮ ಸೌಟಿಗೆ ಅಂಟಿದ್ದ ಸಾರನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿ ನೋಡಿದಳು. ಎಡೆ ಇನ್ನೂ ಇಟ್ಟಿರಲಿಲ್ಲ.

“ಇರ್ಲಿ ಅಂತ್ಲೇ ಇವತ್ತು ಮಾಡ್ಕತಾ ಇರೋದು” ಅಂದಳು.